ಹತ್ತರ ನಂತರ

ಬಾಗಿಲ ಮೇಲೆ ನಾನೇ ಬರೆದು ಅಂಟಿಸಿದ್ದು,
ಕನ್ನಡದಲ್ಲಿ ಒಮ್ಮೆ, ಮಲಯಾಳದಲ್ಲಿ ಒಮ್ಮೆ:
ಫೀಸು ಹತ್ತನೇ ತಾರೀಕಿನೊಳಗೆ.
ಆಮೇಲೆ ದಿನಕ್ಕೆ ಇಪ್ಪತ್ತು ರೂಪಾಯಿ ದಂಡ.
ಮಲಯಾಳದಲ್ಲಿ ಯಾಕೋ ಅದು ಮೆದುವಾಗಿ ಕಾಣುತ್ತದೆ,
ಉರುಟು ಅಕ್ಷರ, ದಂಡವೂ ಉರುಳಿಹೋಗುವ ಹಾಗೆ.

ಇವತ್ತು ಹತ್ತೊಂಬತ್ತು.

ಸಂಜೆ ಐದೂವರೆ. ಹೊಸಂಗಡಿಯ ರೈಲ್ವೇ ಗೇಟು ಬಿದ್ದಿದೆ.
ಆಚೆ ನಿಂತವರಲ್ಲಿ ಯಾರದೆಷ್ಟು ಬಾಕಿ, ನನಗೆ ಬಾಯಿಪಾಠ.
ಗೂಡ್ಸು ಗಾಡಿಯ ಸಂದಿನಲ್ಲಿ ತುಂಡು ತುಂಡಾಗಿ ಕಾಣುತ್ತಾರೆ:
ವಸಂತ ಗಟ್ಟಿಯ ಹೆಲ್ಮೆಟ್ಟು, ಎರಡು ತಿಂಗಳು.
ಮಿಸ್ರಿಯಾಳ ನೀಲಿ ಶಾಲು, ಒಂದೂವರೆ.
ಬ್ಯಾಂಕ್ ಮ್ಯಾನೇಜರರ ಬಿಳಿ ಕಾರು, ಮೂರು.

ಅವರು ಕೊಡುವಾಗ ನಗುತ್ತಾರೆ, 'ಮರೆತೇ ಹೋಯಿತು ಟೀಚರ್.'
ದಂಡ ಕೇಳಿದರೆ 'ಓ, ಅದೂ ಉಂಟಾ?' ಎಂದು ಇನ್ನಷ್ಟು ನಗು.
ಇಲ್ಲದವರು ಮರೆಯುವುದಿಲ್ಲ.
ಅವರ ಸ್ಕೂಟರು ಜೀನಸಿನ ಅಂಗಡಿಯ ಹಿಂದೆ ನಿಲ್ಲುತ್ತದೆ,
ಹಾರ್ನು ಹೊಡೆಯುವುದಿಲ್ಲ.
ಮಗುವನ್ನು ಕರೆಯಲು ಅಜ್ಜಿ ಬರುತ್ತಾರೆ,
ಅಜ್ಜಿಗೆ ಲೆಕ್ಕ ಗೊತ್ತಿಲ್ಲವಲ್ಲ.

ಮಿಸ್ರಿಯಾಳಿಗೆ ದೇರಳಕಟ್ಟೆಯ ಆಸ್ಪತ್ರೆಯಲ್ಲಿ ಕೆಲಸ, ಬಿಲ್ಲಿನ ಕಿಟಕಿ.
ದಿನವಿಡೀ 'ಕಟ್ಟದೆ ಡಿಸ್ಚಾರ್ಜ್ ಇಲ್ಲ' ಎಂದು ಹೇಳಿ
ಆ ದನಿಯನ್ನು ಅಲ್ಲೇ ಕಿಟಕಿಯಲ್ಲಿ ಬಿಟ್ಟು
ತಲಪಾಡಿ ದಾಟಿ, ಬಸ್ಸಿಳಿದು ಬರುತ್ತಾಳೆ.
ಕಟ್ಟದೆ ಮಗುವಿಲ್ಲ ಎಂದು ನಾನು ಹೇಳಲಿಕ್ಕುಂಟೇ?

ಮೊನ್ನೆ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ:
'ನೋಡಿ, ನಮಗೂ ಖರ್ಚುಂಟು.'
ಖರ್ಚು ಎಂದರೆ ಸೆವ್ರಿನ್ ಬಾಯಿ.
ಹಾಲು ಬಿಸಿ ಮಾಡಿ, ಹನ್ನೆರಡು ಮೂಗು ಒರೆಸಿ,
ಯಾರ ಚಡ್ಡಿ ಯಾವುದೆಂದು ಬಣ್ಣದಲ್ಲೇ ಹೇಳುವವಳು.
ಅವಳ ಸಂಬಳವೂ ಹತ್ತಕ್ಕೆ. ಈ ಸಲ ಕೊಟ್ಟದ್ದು ಹದಿನಾರಕ್ಕೆ.
ಬಾಗಿಲ ಮೇಲಿನದನ್ನು ಅವಳು ಓದಿಲ್ಲ.
ಅಥವಾ ಓದಿದ್ದಾಳೆ.
ನೋಟು ಎಣಿಸದೆ ರವಿಕೆಯೊಳಗಿಟ್ಟು
'ಪರವಾಗಿಲ್ಲ ಟೀಚರ್, ಬಂತಲ್ಲ' ಎಂದಿದ್ದಳು.

ಗೇಟು ಎದ್ದಿತು. ಮಿಸ್ರಿಯಾ ಓಡುತ್ತ ಬಂದಳು.
ನಾನು ಬಾಯಿ ತೆರೆಯುವ ಮೊದಲೇ ಶಮ್ಮಾಸ್,
ಮೂರು ವರ್ಷ ಮೂರು ತಿಂಗಳು, ಚಪ್ಪಲಿ ಅದಲುಬದಲು,
ಸೆರಗು ಹಿಡಿದೆಳೆದು, ಗುಟ್ಟು ಹೇಳುವವನ ಹಾಗೆ ಗಟ್ಟಿಯಾಗಿ:
'ಟೀಚರ್, ಉಮ್ಮ ಹೇಳಿದ್ದು, ಸೋಮವಾರ!'

ಅವಳ ಮುಖವನ್ನು ನಾನು ನೋಡಲಿಲ್ಲ.
'ಆಯಿತು, ಸೋಮವಾರ' ಎಂದೆ ಅವನಿಗೆ, 'ನೀನೇ ಜವಾಬು.'
ಅವನು ತಲೆಯಾಡಿಸಿದ. ಮೆಟ್ಟಿಲಿಳಿದ ಮೇಲೆ ಕೇಳಿಸಿತು:
'ಉಮ್ಮಾ, ಸೋಮವಾರ ಅಂದರೆ ನಾಳೆಯಾ?'

ರಾತ್ರಿ ಪುಸ್ತಕ ತೆಗೆದೆ.
ಮ್ಯಾನೇಜರರ ದಂಡ ಬರೆದೆ, ಒಂದು ದಿನವೂ ಬಿಡದೆ.
ಮಿಸ್ರಿಯಾಳದ್ದು ಪೆನ್ಸಿಲಿನಲ್ಲಿ.
ಸೆವ್ರಿನ್ ಬಾಯಿಗೆ ಅಲ್ಲಿ ಜಾಗವೇ ಇರಲಿಲ್ಲ.
ಸ್ಕೇಲು ಸಿಗದೆ ಬಾಚಣಿಗೆ ಇಟ್ಟು ಗೆರೆ ಎಳೆದೆ:
ಆರು ದಿನ, ನೂರಿಪ್ಪತ್ತು, ನನ್ನಿಂದ.
ಯಾವಾಗ ಎಂಬ ಕಡೆ ತುಸು ಹೊತ್ತು ಪೆನ್ನು ನಿಂತಿತು.
ಬರೆದೆ: ಸೋಮವಾರ.