ಕೊಂಬಿಲ್ಲದ ನಾವು

ಬೆಟಗೇರಿಯ ಆ ಪ್ರೆಸ್ಸಿನ ಹಿಂದಿನ ಖೋಲಿ.
ಮಂಗಳವಾರ, ಮಗ್ಗಗಳು ಸುಮ್ಮನಾದ ಮೇಲೆ,
ಹೊಂಬಳ ಸರ್ ಯಾರೋ ಫ್ರೆಂಚ್ ಲೇಖಕನ ಝೆರಾಕ್ಸ್ ಹಾಳೆ
ಮೊಣಕಾಲ ಮೇಲಿಟ್ಟು ಕನ್ನಡಕ್ಕೆ ಇಳಿಸುವರು,
ಭಾವಿಗೆ ಕೊಡ ಇಳಿಸಿದ ಹಾಗೆ, ತಡೆತಡೆದು.

"ಜನ ಕೂಡೋದು ಏನನ್ನೋ ಕಟ್ಟಲಿಕ್ಕಲ್ಲ ಅಂತಾನ ಇವ.
ಕಟ್ಟಿದ್ದು ಕೋಟೆ ಆಗ್ತದ. ಕೂಡಿದ್ದು ಕೂಡಿದ್ದಷ್ಟ."
ಅಂಬೂಬಾಯಿ ಖಟವಟೆ ಕಂಡಿಕೆ ಸುತ್ತುತ್ತಲೇ ಕೇಳಿದಳು:
"ಹಂಗಾರ ಸಂಘಕ್ಕ ತಿಂಗಳಾ ವಂತಿಗಿ ಯಾಕ ಕೊಡ್ತೀವ್ರಿ?"
ಸರ್ ಪುಟ ತಿರುವಿದರು.

ಕೂಲಿ ಮುಷ್ಕರದ ಹತ್ತನೇ ದಿನ ಕರಪತ್ರ ಬರೆದೆವು.
ಯಾವ ಸಾಲು ಯಾರದು, ಚಹಾ ಆರುವುದರೊಳಗೆ ನಮಗೇ ಮರೆತಿತ್ತು.
ಕೆಳಗೆ ಹೆಸರು ಬೇಡ, ಅಂದವಳು ನಾನೇ,
ಇಪ್ಪತ್ತೆರಡರ ಹುರುಪಿನಲ್ಲಿ.
"ಪ್ರೆಸ್ಸಿಂದು ಇರಬೇಕ್ರಿ ಬಾಯಾರ, ಅದು ಕಾಯ್ದೆ"
ಅಂದ ದಾವಲಸಾಬ, ಮೊಳೆಗಳ ಖಾನೆಯಿಂದ ತಲೆ ಎತ್ತದೆ.

ರಾತ್ರಿ ಎರಡಕ್ಕೆ ಮತ್ತೆ ಅವನ ದನಿ:
"ನಿಮ್ಮ 'ನಾವು' ಭಾಳ ಆದ್ವು. ಕೊಂಬು ತೀರ್ಯಾವ."
ಹನ್ನೊಂದು ಸಲ ನಾವು, ಹನ್ನೆರಡನೆಯದಕ್ಕೆ
ಬರೀ 'ನಾವ'.
ಸರ್ ಅವರ ಮುಖ ಸಣ್ಣದಾಯಿತು. ಅಂಬೂಬಾಯಿ ನಕ್ಕಳು:
"ಬಾಯಿಲೆ ಅನ್ನೋದೂ ಹಂಗ ಅಲ್ಲೇನ್ರಿ? ಇರಲಿ.
ನಮಗೇನ ಕೊಂಬ ಮೂಡ್ಯಾವೇನ!"

ಫೌಜದಾರ ಬಂದ. ಯಾರು ಬರೆದದ್ದು?
"ಮೊಳಿ ಜೋಡಿಸಿದಾಂವ ನಾ. ಬರದವ್ರು ಅಂತ ಯಾರೂ ಇಲ್ಲ."
ಮೂರು ರಾತ್ರಿ ಅವನು ಲಾಕಪ್ಪಿನಲ್ಲಿ.
ಹೆಸರಿಲ್ಲದವರು ನಾವು
ನಮ್ಮ ನಮ್ಮ ಮನೆಯಲ್ಲಿ, ಹೊದ್ದುಕೊಂಡು.

ನಾಲ್ಕನೆಯ ದಿನ ಬಂದವನೇ ಊದಿದ ಬೆರಳಲ್ಲಿ
ಕರಪತ್ರ ಬಿಚ್ಚತೊಡಗಿದ.
ನಾ ನಾ-ದ ಖಾನೆಗೆ, ವ ವ-ದ ಖಾನೆಗೆ,
ಕೊಂಬು ಕೊಂಬಿಗೆ. ಟಿಕ್, ಟಿಕ್.
ನಾನು ಬಾಗಿಲಲ್ಲಿ ನಿಂತೇ ಇದ್ದೆ; ಏನು ಅನ್ನಬೇಕಿತ್ತೋ.
"ನರಸಾಪುರದವರ ಲಗ್ನಪತ್ರಿಕಿ ಐತ್ರಿ, ಮೊಳಿ ಬೇಕು" ಅಂದ.

ಗಜಕ್ಕೆ ನಾಲ್ಕಾಣೆ ಏರಿಸಿ ಮುಷ್ಕರ ಮುರಿಯಿತು.
ಪ್ರೆಸ್ಸಿಗೆ ಆಫ್‌ಸೆಟ್ ಬಂತು. ಮೊಳೆ ತೂಕಕ್ಕೆ ಹೋದವು.
ಆ ಹಾಳೆಗಳನ್ನು ಕಡೆಗೂ ನಾವು ಓದಿ ಮುಗಿಸಲಿಲ್ಲ.

ಮೊನ್ನೆ ಖಬರಸ್ತಾನದ ಗೇಟಿನ ಹೊರಗೆ, ಬಿಸಿಲಲ್ಲಿ ಮೂವರು:
ಕೋಲೂರಿಕೊಂಡು ಸರ್, ಅಂಬೂಬಾಯಿ, ನಾನು.
ಮೊಮ್ಮಗನಿರಬೇಕು, ನೀರಿನ ಬಾಟಲಿ ಕೊಟ್ಟು ಕೇಳಿದ:
"ಅಜ್ಜಾಗ ನೀವು ಏನಾಗಬೇಕ್ರಿ?"

"ನಾವ..." ಅಂದಳು ಅಂಬೂಬಾಯಿ.
ಹುಡುಗ ಇನ್ನೂ ನಿಂತಿದ್ದ.