ಅರ್ಧ ಟಿಕೆಟ್ಟಿನವರಿಗೆ

ಮೂವತ್ತೊಂದು ವರ್ಷ ಠಾಕುರ್ಲಿಯ ಕಿಟಕಿಯ ಹಿಂದೆ ಕೂತು
ಟಿಕೆಟ್ ಕೊಟ್ಟವನು ನಾನು.
ಕಂಬಿಗಳ ಆಚೆ ಎಷ್ಟೋ ತಾಯಂದಿರು
ಮೀಸೆ ಮೂಡುತ್ತಿದ್ದ ಮಗನ ತಲೆಯನ್ನು ಕೆಳಗೊತ್ತಿ
"ಹನ್ನೊಂದೇ ಸಾಹೇಬ್, ಬೆಳವಣಿಗೆ ಜಾಸ್ತಿ" ಎನ್ನುತ್ತಿದ್ದರು.
ಮಗ ಮೊಣಕಾಲು ಬಗ್ಗಿಸಿ ಸಹಕರಿಸುತ್ತಿದ್ದ.

ಈಗ ಭಾನುವಾರಗಳಲ್ಲಿ, ಡೊಂಬಿವಲಿ ಪೂರ್ವ,
ಹಿಟ್ಟಿನ ಗಿರಣಿಯ ಮೇಲೆ ಸಂಘದ ಕೋಣೆ.
ಎರಡು ಕಪಾಟು, ಒಂದು ಫ್ಯಾನು,
ಯಾವ ಪುಸ್ತಕ ಕೊಡವಿದರೂ ಸ್ವಲ್ಪ ಗೋಧಿ.
ಇಲ್ಲಿ ಸುಳ್ಳು ಹೇಳುವವರು ಮಕ್ಕಳೇ, ಅದೂ ಮೇಲ್ಮುಖವಾಗಿ:
"ಹದಿಮೂರು ಅಂಕಲ್!"
ತುದಿಗಾಲಲ್ಲಿ ನಿಂತು,
ಹಲ್ಲಿನ ಸಂದಿಯಲ್ಲಿ ಮಾವಿನ ನಾರು.

ಸೊಲ್ಲಾಪುರದ ಮೇಲೆ ಹಾದು ಮೊನ್ನೆ ಪಾರ್ಸೆಲ್ ಬಂತು,
ಈ ಬೇಸಿಗೆಯ ಹೊಸ ಪುಸ್ತಕ, ಇಪ್ಪತ್ತೆರಡು.
ಗೋಂದಿನ ವಾಸನೆ ಇನ್ನೂ ಆರಿಲ್ಲ.
ಬನ್ನಿ, ಸಾಲು ಬೇಡ.
ಸಾಲು ನೋಡಿ ನೋಡಿ ನನಗೆ ಸಾಕಾಗಿದೆ.

ಧೈರ್ಯ, ನಿನಗೆ ಇದು:
ಮುಚ್ಚಿದ ಬಟ್ಟೆ ಮಿಲ್ಲಿನಲ್ಲೊಂದು ಭೂತ,
ಯಾರನ್ನೂ ಹೆದರಿಸದು, ಹಾಜರಿ ಪುಸ್ತಕ ಹುಡುಕುತ್ತಿದೆ ಪಾಪ,
ತನ್ನ ಹೆಸರಿನ ಮುಂದೆ ಒಂದು ಗುರುತಿಗಾಗಿ.
ಹಿಡಿಸಲಿಲ್ಲವೋ, ಮುಂದಿನ ವಾರವೇ ತಂದುಬಿಡು,
ರದ್ದತಿಗೆ ಶುಲ್ಕವಿಲ್ಲ ನನ್ನಲ್ಲಿ.

ಈ ಇನ್ನೊಂದರ ಅಜ್ಜಿ ಕಥೆ ಹೇಳುವ ಅಜ್ಜಿಯಲ್ಲ;
ಚೌಕಾಬಾರದಲ್ಲಿ ಕಾಯಿ ಸರಿಸಿ ಮೋಸ ಮಾಡುತ್ತಾಳೆ,
ಸಿಕ್ಕಿಬಿದ್ದರೆ ಕಿವಿ ಕೇಳದವಳಾಗುತ್ತಾಳೆ.
ಒಂದೇ ತೊಂದರೆ, ಕೊನೆಯ ಪುಟದಲ್ಲಿ ನೀತಿ ಇದೆ.
ಅದರ ಹಿಂದಿನ ಸ್ಟೇಷನ್ನಿನಲ್ಲೇ ಇಳಿದುಬಿಡಿ.

ಊರಿಗೆ ಹೋಗುವವರು ಎರಡೆರಡು ಒಯ್ಯಿರಿ.
ರತ್ನಾಗಿರಿಯ ಹತ್ತಿರ ಉದ್ದದೊಂದು ಸುರಂಗ,
ಡಬ್ಬಿಯ ದೀಪ ಕೈಕೊಟ್ಟರೆ ಅಕ್ಷರ ಕಾಣದು.
ಮುಂದೇನಾಯಿತೆಂದು ಅಷ್ಟು ಹೊತ್ತು
ನೀವೇ ಕಟ್ಟಿಕೊಳ್ಳಬೇಕು.

ವೃಷ್ಟಿ ಕಾಂಚನ್ ಫ್ಯಾನಿನ ಕೆಳಗೆ ಸುಮ್ಮನೆ ನಿಂತಿದ್ದಳು.
ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು,
ಕನ್ನಡ ಭಾನುವಾರಕ್ಕೆ ಮಾತ್ರ.
"ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡ್ತೇನೆ ಅಂಕಲ್."
ನಿಲ್ಲು ಮಗಾ. ನೀನು ಸ್ಲೋ ಲೋಕಲ್ಲು.
ಫಾಸ್ಟಿನವರಿಗೆ ಕೋಪರ್ ಸ್ಟೇಷನ್ನೆಂದರೆ
ಒಂದು ಹಳದಿ ಗೀರು, ಅಷ್ಟೇ;
ನಿನಗೆ ಅಲ್ಲಿ ಶೇಂಗಾ ಮಾರುವವನ ಮುಖ ಕಾಣುತ್ತದೆ.

ಅವಳಿಗೆ ಕೊಟ್ಟದ್ದು ಆಕ್ಟೋಪಸ್ಸಿನ ಪುಸ್ತಕ.
ಕಥೆಯಲ್ಲ, ನಿಜದ್ದು. ಮೂರು ಹೃದಯ, ನೀಲಿ ರಕ್ತ,
ಈಜುವಾಗ ಒಂದು ಹೃದಯ ನಿಂತೇಬಿಡುತ್ತದಂತೆ,
ಅದಕ್ಕೇ ಅದಕ್ಕೆ ತೆವಳುವುದು ಇಷ್ಟ.
"ನನ್ನಜ್ಜ ಸಸೂನ್ ಡಾಕಿನಲ್ಲಿ ಇದನ್ನು ಕಿಲೋ ಲೆಕ್ಕದಲ್ಲಿ ತೂಗಿದ್ದಾರೆ"
ಎಂದಳು, ಸ್ವಲ್ಪ ನಾಚಿ, ಸ್ವಲ್ಪ ಬೀಗಿ.

ಮತ್ತೆ, ಕೆಳಗಿನ ಸಾಲು, ಎಡತುದಿ:
ಹಸಿರು ರಟ್ಟಿನದು ಒಂದಿದೆ.
ಮೈ ಬದಲಾಗುವ ಬಗ್ಗೆ, ಡಾಕ್ಟರಮ್ಮ ಒಬ್ಬರು ನಗುನಗುತ್ತ ಬರೆದದ್ದು.
ಅದನ್ನು ರಿಜಿಸ್ಟರಿನಲ್ಲಿ ಬರೆಯುವುದಿಲ್ಲ.
ನಾನು ಟೀಗೆ ಹೋದಾಗ ಒಯ್ಯಿರಿ,
ಟೀಗೆ ಹೋದಾಗಲೇ ತಂದಿಡಿ.
ಈ ಬೇಸಿಗೆ ನಾನು ಕುಡಿದ ಟೀ ಲೆಕ್ಕ ಹಾಕಿ
ಹೆಂಡತಿಗೆ ಸಂಶಯ ಬಂದಿದೆ.

ಅಪ್ಪಂದಿರು ಮೆಟ್ಟಿಲು ಹತ್ತಿ ಬಂದು ಕೇಳುತ್ತಾರೆ:
"ಇದರಿಂದ ಸ್ಕಾಲರ್‌ಶಿಪ್ ಪರೀಕ್ಷೆಗೆ ಏನಾದರೂ..."
ನಾನು ಹಳೆಯ ಕ್ಲರ್ಕಿನ ಮುಖ ಹಾಕಿ
"ಪಕ್ಕದ ಕಿಟಕಿ" ಎನ್ನುತ್ತೇನೆ.
ಪಕ್ಕದಲ್ಲಿ ಕಿಟಕಿಯಿಲ್ಲ.

ಜೂನ್ ಒಂಬತ್ತು. ಗಿರಣಿಯ ತಗಡಿನ ಮೇಲೆ ಮೊದಲ ಮಳೆ.
ವೃಷ್ಟಿ ಪುಸ್ತಕ ಮೇಜಿನ ಮೇಲಿಟ್ಟು
"ಛತ್ರಿ ತಂದಿಲ್ಲ ಅಂಕಲ್" ಎಂದು ಓಡಿದಳು.
ಅರವತ್ತೊಂದನೇ ಪುಟ, ನಿಂತ ಹೃದಯದ ಹತ್ತಿರ,
ಗುರುತಿಗೆ ಮಡಚಿಟ್ಟ ಟಿಕೆಟ್ಟು:
ಡೊಂಬಿವಲಿಯಿಂದ ದಾದರ್.
ವಯಸ್ಕರು ಒಂದು. ಮಕ್ಕಳು ಸೊನ್ನೆ.

ಮರೆತಳೋ, ಹೇಳಿ ಹೋದಳೋ.
ಕನ್ನಡಕ ಒರೆಸಿ ತಾರೀಖು ನೋಡಿದೆ, ಹಳೆಯ ಚಟ.
ಎಲ್ಲ ಸರಿಯಾಗಿತ್ತು.
ಅದನ್ನಲ್ಲೇ ಬಿಟ್ಟು ಪುಸ್ತಕ ಮುಚ್ಚಿದೆ.
ಸ್ವಲ್ಪ ಗೋಧಿ ಹಾರಿತು.