ಐವತ್ತು ಗ್ರಾಂ

"ದುಡ್ಡು ನನ್ನದು, ಚೀಟಿ ಎತ್ತಿದ್ದು ನಾನು,
ನೀನು ಬರೀ ತೂಕ ನೋಡು ಬಾ" ಅಂದಳು ಇಂದುಮತಿ.
ತಂಗಿ. ನಲವತ್ತನಾಲ್ಕು. ಅಂಗನವಾಡಿಯ ಮಿಸ್ಸು.
ಪಿಯಾನೊಗೆ ಎಂಥ ತೂಕ ಅಂತ ನಕ್ಕೆ.
ಪೆಟ್ಟಿಗೆಯದ್ದಲ್ಲ, ಕೀಯದ್ದಂತೆ.
ಒಳ್ಳೆಯದಾದರೆ ಒತ್ತಿದ ಬೆರಳಿಗೆ
ಭಾರ ಗೊತ್ತಾಗಬೇಕಂತೆ.

ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ನಂದು ಗ್ರಂಥಿಗೆ ಅಂಗಡಿ.
ಬಜೆ, ಹಿಪ್ಪಲಿ, ಅಳಲೆಕಾಯಿ, ಜ್ಯೇಷ್ಠಮಧು
ಇಪ್ಪತ್ತೆಂಟು ವರ್ಷ ತೂಗಿದ ಕೈ.
ಎಲೆಕ್ಟ್ರಾನಿಕ್ ತಕ್ಕಡಿ ಬಂದಾಗಿನಿಂದ
ಗಲ್ಲಾಪೆಟ್ಟಿಗೆಯಲ್ಲಿ ಕೆಲಸವಿಲ್ಲದೆ ಕೂತಿದ್ದ
ಐವತ್ತು ಗ್ರಾಮಿನ ಹಿತ್ತಾಳೆ ಬಟ್ಟು
ಜೇಬಿಗೆ ಬಿಟ್ಟುಕೊಂಡು ಸ್ಕೂಟರ್ ಹತ್ತಿದೆ.

ಬಿ.ಎಂ. ರಸ್ತೆಯ ಶೋರೂಮಿನಲ್ಲಿ ಹೊಸದು;
ಮೈಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ಸುಲಿದಿಲ್ಲ.
ಹುಡುಗ ಪಾಠ ಒಪ್ಪಿಸಿದ: ಇನ್ನೂರು ದನಿ, ಬ್ಲೂಟೂತು,
ಮೂರು ವರ್ಷ ವಾರಂಟಿ, ಮೂವತ್ತೊಂಬತ್ತು ಸಾವಿರ,
ಒಬ್ಬರೇ ಎತ್ತಿಡಬಹುದು ಮೇಡಂ.
ಬಟ್ಟು ಇಟ್ಟೆ.
ಎಡವೇನು ಬಲವೇನು, ಇಟ್ಟಲ್ಲೆಲ್ಲ ಒಂದೇ ಥರ ಇಳಿಯಿತು,
ಯಾರೇನಂದರೂ ಹೌದಪ್ಪ ಹೌದು ಅನ್ನುವವನ ಹಾಗೆ.

ಆಮೇಲೆ ಹೊಸಲೈನ್ ರಸ್ತೆ, ಲಿಯೋನಾ ಟೀಚರ್ ಮನೆ.
ಅವರ ಬೆರಳು ಗಂಟುಗಂಟಾಗಿ ಹಸಿಶುಂಠಿ.
ಕಸೂತಿ ಬಟ್ಟೆ ಸರಿಸಿದರೆ ಕೆಳಗೆ
ಹದಿನೇಳು ವರ್ಷದ ಕರೀ ಪಿಯಾನೊ,
ಇಬ್ಬರು ನೂಕಿದರೂ ಜಗ್ಗದ್ದು.
ಎಡತುದಿಯ ಕೀ ನನ್ನ ಬಟ್ಟಿಗೆ ಅಲುಗಲಿಲ್ಲ.
ಬಲಕ್ಕೆ ಹೋದಂತೆ ಒಂದೊಂದೇ ಮೆತ್ತಗಾಗಿ
ಕಡೆಯದು ಮಂಡಿಯೂರಿದ ಹಾಗೆ ತಗ್ಗಿತು.
"ಅಸಲಿ ಪಿಯಾನೊದಲ್ಲೂ ಹೀಗೇ" ಅಂದರು ಟೀಚರ್,
"ಕೆಳಗಿನ ಸ್ವರಕ್ಕೆ ಭಾರ, ಮೇಲಿನದಕ್ಕೆ ಹಗುರ."
ಆಮೇಲೆ, ಯಾರೂ ಕೇಳದೆಯೇ,
ನಡುವಿನ ಒಂದು ಬಿಳಿ ಕೀ ಒತ್ತಿ ತೋರಿಸಿದರು:
ಒಂದು ಸಲ ಒತ್ತಿದರೆ ಎರಡು ಸಲ ನುಡಿಯಿತು.
"ಇದೊಂದು ಹೇಳಿದ್ದೇ ಹೇಳುತ್ತೆ,
ನಮ್ಮ ಯಜಮಾನರ ಹಾಗೆ. ಅವರಿದ್ದಾಗ."
ಬೆಲೆ ಹದಿನೆಂಟು ಸಾವಿರ.
ಚೌಕಾಸಿ ಮಾಡಲು ನನಗೆ ಬಾಯಿ ಬರಲಿಲ್ಲ.

ಎನ್.ಆರ್. ವೃತ್ತದಲ್ಲಿ ಕಬ್ಬಿನ ಹಾಲು ಕುಡಿಯುತ್ತ
"ಹಳೇದೇ" ಅಂದೆ. ಲೆಕ್ಕ ಅಷ್ಟು ಸ್ಪಷ್ಟ ಇತ್ತು.
ಇಂದುಮತಿ ಲೋಟದ ನೊರೆ ನೋಡುತ್ತಿದ್ದಳು.

"ನಿನ್ನ ಸ್ಲೇಟಿನಲ್ಲಿ ಅಕ್ಷರ ಕಲಿತವಳು ಅಣ್ಣ ನಾನು.
ಮೂಲೆ ಒಡೆದಿತ್ತು, ಸಾಲಿನ ಕೊನೆಗೆ 'ಳ' ಹಿಡಿಯುತ್ತಿರಲಿಲ್ಲ.
ಪಾರ್ವತಕ್ಕನ ಲಂಗ. ದೊಡ್ಡಮ್ಮನ ಮಗನ ಜಾಮಿಟ್ರಿ ಬಾಕ್ಸು,
ಕೈವಾರಕ್ಕೆ ಮುಳ್ಳಿಲ್ಲ. ಸೈಕಲ್ಲೂ ಅಷ್ಟೇ, ಹೊಲಿಗೆ ಮಿಷನ್ನೂ ಅಷ್ಟೇ,
ನಾನು ಮುಟ್ಟುವ ಮೊದಲೇ ಅದರಲ್ಲಿ
ಇನ್ನೊಬ್ಬರ ಕೈ ಕೂತಿರುತ್ತಿತ್ತು.
ತೂಕ ನೀನು ಹೇಳಿದ್ದೇ ಸರಿ.
ಆದರೆ ಇದೊಂದು, ಸವೆಯುವುದಾದರೆ,
ನನ್ನ ಬೆರಳಿಗೇ ಸವೆಯಲಿ."

ಅದನ್ನು ತೂಗುವ ಬಟ್ಟು ನನ್ನಲ್ಲಿರಲಿಲ್ಲ.
ಇನ್ನೊಂದು ಲೋಟ ಹೇಳಿದೆ, ಐಸು ಬೇಡ ಅಂತ.

ಈಗ ರಾತ್ರಿ ಒಂಬತ್ತೂವರೆಗೆ ಮಹಡಿಯ ಮೇಲೆ
ಕಿವಿಗೆ ಹೆಡ್‌ಫೋನ್ ಹಾಕಿ ಕೂರುತ್ತಾಳೆ.
ಸ್ವರವೆಲ್ಲ ಅವಳೊಬ್ಬಳಿಗೇ. ಕೆಳಗಿನ ನಮಗೆ
ಟಕ್ ಟಕ್, ಟಕ್, ಯಾರೋ ಹಿಪ್ಪಲಿ ಕುಟ್ಟಿದ ಸದ್ದು.
ಒಂದೇ ಜಾಗದಲ್ಲಿ ತಡವರಿಸಿ
ಮತ್ತೆ ಮೊದಲಿಂದ. ನನ್ನ ಹೆಂಡತಿ ಹಾಸಿಗೆಯಲ್ಲೇ
"ಇವತ್ತು ದಾಟುತ್ತಾಳೆ ನೋಡಿ" ಅನ್ನುತ್ತಾಳೆ.
ಇನ್ನೂ ದಾಟಿಲ್ಲ.

ಹೋದ ಮಂಗಳವಾರ ಅಂಗಡಿಗೆ ಫೋನು:
"ನಿಮ್ಮ ಬಟ್ಟು ಇಲ್ಲೇ ಉಳಿದಿದೆ. ಪಿಯಾನೊ ಇನ್ನೂ ಹೋಗಿಲ್ಲ.
ಆ ಕೀಯ ಮೇಲೇ ಇಟ್ಟಿದ್ದೇನೆ,
ತಗ್ಗಿಕೊಂಡು ಸುಮ್ಮನಿದೆ.
ಯಾವಾಗ ಬಂದು ತಗೊಂಡು ಹೋಗುತ್ತೀರಿ?"

ಗಿರಾಕಿಗೆ ಅಳಲೆಕಾಯಿ ಕಟ್ಟುತ್ತಿದ್ದೆ.
ಅವಸರವೇನಿಲ್ಲ ಟೀಚರ್ ಅಂದೆ,
ಇರಲಿ.